ಅರ್ಥ ಇಲ್ಲದ ಗಾಡಿ

ಕಾರಿನ ಟಾಪು ಮುಚ್ಚಲಿ ಎಂದು ನಾನು ಬಟನ್ ಒತ್ತಿದೆ, ಹಾರ್ನ್ ಬಡಿದುಕೊಳ್ಳತೊಡಗಿತು. ಬೆರಳು ತೆಗೆದೆ, ನಿಂತಿತು. ಮತ್ತೆ ಒತ್ತಿದೆ. ಈ ಸಲ ಹಾರ್ನಿನ ಜೊತೆಗೆ ವೈಪರ್ ಕೂಡ ಎದ್ದು, ಹನಿ ನೀರೂ ಇಲ್ಲದ ಗಾಜನ್ನು ಕರಕರ ಒರೆಸತೊಡಗಿತು. ಟಾಪು ಮಾತ್ರ ಡಿಕ್ಕಿಯ ಗೂಡಿನಿಂದ ಅರ್ಧ ಮೇಲೆದ್ದು, ಬಿಸಿಲಿಗೆ ಕೈ ಅಡ್ಡ ಹಿಡಿದವರ ಹಾಗೆ ಆಕಾಶಕ್ಕೆ ಅಡ್ಡವಾಗಿ ನಿಂತುಬಿಟ್ಟಿತು.

ಬನಹಟ್ಟಿಯಲ್ಲಿ ನನ್ನ ಅಂಗಡಿಯ ಮುಂದೆ, ಹೊತ್ತು ಇಳಿಯುವ ಸಮಯ. ಎದುರಿನ ಶೆಡ್ಡಿನ ಮಗ್ಗಗಳು ಒಂದೊಂದಾಗಿ ಸುಮ್ಮನಾದವು. ಮಗ್ಗದ ಸದ್ದು ನಿಂತರೆ ಕರೆಂಟು ಹೋಯಿತೆಂದು ತಿಳಿಯುವ ಓಣಿ ನಮ್ಮದು. ಆ ದಿನ ಕರೆಂಟು ಹೋಗಿರಲಿಲ್ಲ, ನೇಕಾರರೆಲ್ಲ ನನ್ನ ಗಾಡಿ ನೋಡಲು ಹೊರಗೆ ಬಂದಿದ್ದರು.

"ಮಾವಾರ, ಗಾಡಿ ಮುಚ್ಚಾಕತ್ತೇರೇನ್ರಿ, ಛತ್ರಿ ಬಿಚ್ಚಾಕತ್ತೇರಿ?" ಎಂದ ಒಬ್ಬ.

"ಅದು ಮುಚ್ಚಂಗಿಲ್ಲಲೇ. ಅದಕ್ಕ ನಾಚಿಗಿ ಇಲ್ಲ," ಎಂದ ಇನ್ನೊಬ್ಬ.

ನಗುವುದು ನನಗೂ ಬರುತ್ತದೆ, ಆದರೆ ಆಗ ಬರಲಿಲ್ಲ. ಹಳೆಯ ಮಗ್ಗ, ಹಳೆಯ ಮೋಟರು, ಹಳೆಯ ಟ್ರ್ಯಾಕ್ಟರಿನ ಸಾಮಾನು ಕೊಂಡು ಮಾರಿ ಬದುಕು ಕಟ್ಟಿದವನು ನಾನು. ಯಾವ ಮೋಟರನ್ನೂ ತಿರುಗಿಸಿ, ಮೂಸಿ, ಅದರ ಮೈಬಿಸಿ ನೋಡದೆ ಮನೆಗೆ ತಂದವನಲ್ಲ. ಅಂಥವನು ಅದೇ ದಿನ ಮುಧೋಳದಿಂದ, ಮಗಳ ಮದುವೆಗೆಂದು, ಟಾಪು ತೆರೆಯುವ ಹಳೆಯ ಕಾರು ತಂದಿದ್ದೆ. ಅದು ಓಣಿಯ ನಡುವೆ ನಿಂತು ಬಾಯಿ ಬಡಿದುಕೊಳ್ಳುತ್ತಿತ್ತು.

ಮಗಳ ಮದುವೆಗೂ ತೆರೆದ ಕಾರಿಗೂ ಏನು ಸಂಬಂಧ ಎಂದು ಕೇಳುವವರಿಗೆ ಮೊದಲು ಅದನ್ನೇ ಹೇಳಬೇಕು. ಮೆರವಣಿಗೆಯ ಶೋಕಿಗಾಗಿ ತಂದದ್ದಲ್ಲ. ನನ್ನ ಮಗಳಿಗೆ ಸಣ್ಣವಳಿದ್ದಾಗಿನಿಂದ ಮುಚ್ಚಿದ ಗಾಡಿ ಆಗುವುದಿಲ್ಲ. ಬಸ್ಸಾಗಲಿ ಕಾರಾಗಲಿ, ಬಾಗಿಲು ಹಾಕಿ ಒಂದು ತಿರುವು ದಾಟಿದರೆ ಮುಖ ಬಿಳಿಚುತ್ತದೆ, ಇನ್ನೊಂದು ತಿರುವಿಗೆ ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ. "ಕಾರಿನ್ಯಾಗ ಕುಂತ್ರ ಕಾರತಾಳ" ಎಂದು ಅವಳ ಗೆಳತಿಯರು ಸಾಲೆಯಲ್ಲಿ ಹಾಡು ಕಟ್ಟಿದ್ದರು. ಸ್ಕೂಟಿಯ ಮೇಲೆ ಏನೂ ಆಗುವುದಿಲ್ಲ. ಹಿಪ್ಪರಗಿಯಲ್ಲಿ ಅವಳ ಸೋದರಮಾವನ ಕಬ್ಬಿನ ಟ್ರ್ಯಾಕ್ಟರ್ ಏರಿದರೆ ಇಳಿಯಲು ಒಲ್ಲಳು. ಅದನ್ನು ಓಡಿಸಲೂ ಅಲ್ಲೇ ಕಲಿತವಳು. ಗಾಳಿ ಬಡಿಯುತ್ತಿರಬೇಕು, ಅಷ್ಟೇ.

ವರ ಬೀಳಗಿಯ ಕಡೆಯವನು. ನಿಶ್ಚಯಕ್ಕೆಂದು ನಾವು ಬಾಡಿಗೆ ಕಾರಿನಲ್ಲಿ ಹೋದೆವು. ಬಿಸಿಲಿಗೆ ಗಾಜು ಏರಿಸಿ ಏಸಿ ಹಾಕಿದ್ದ ಆ ಡ್ರೈವರು. ಬೀಗರ ಮನೆಯ ಬಾಗಿಲಲ್ಲಿ ಇಳಿದವಳೇ ಮಗಳು, ಅವರು ತಂದ ಬೆಲ್ಲ ನೀರನ್ನು ಮುಟ್ಟದೆ, ಗೋಡೆ ಹಿಡಿದು ಕಾರಿಕೊಂಡಳು. ಎಲ್ಲರೂ ನೀರು ತರಲು ಓಡಿದರು. ಹುಡುಗನ ಸೋದರತ್ತೆ ಮಾತ್ರ ಕಟ್ಟೆಯ ಮೇಲೆ ಕುಳಿತಲ್ಲಿಂದ ಏಳಲಿಲ್ಲ. ಬಾಯಿಯಲ್ಲಿನ ಎಲೆ ಅಡಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಪಕ್ಕದವಳಿಗೆ ಹೇಳಿದಳು; ಮೆಲ್ಲಗೆ ಹೇಳಿದೆನೆಂದು ಅವಳಿಗನಿಸಿರಬೇಕು, ಅಂಗಳಕ್ಕೆಲ್ಲ ಕೇಳಿಸಿತು.

"ಗಾಡ್ಯಾಗಿಂದೋ, ಏನ ಮೊದಲಿಂದೋ? ಎಷ್ಟ ತಿಂಗಳ ಅಂತ ಯಾರರ ಕೇಳೀರೇನ?"

ಹೆಂಡತಿಯ ಕೈಯಲ್ಲಿದ್ದ ಹಣ್ಣಿನ ತಟ್ಟೆ ಬೀಳುವುದೊಂದು ಬಾಕಿ. ಮಗಳು ಬಾಯಿ ಒರೆಸುತ್ತಿದ್ದವಳು ಹಾಗೇ ತಿರುಗಿ ಆ ಹೆಂಗಸನ್ನು ನೋಡಿದಳು. ನಿಶ್ಚಯವೇನೋ ಆಯಿತು. ಹುಡುಗ ಒಳ್ಳೆಯವನು, ಅವನ ತಾಯಿಯೂ ಒಳ್ಳೆಯವಳು. ಆದರೆ ಆ ಮಾತು ಬೀಳಗಿಯಿಂದ ಹೊರಟು, ಜಮಖಂಡಿಯ ನಮ್ಮ ಬಳಗದ ಮನೆ ದಾಟಿ, ನಾವು ಬನಹಟ್ಟಿ ಮುಟ್ಟುವಷ್ಟರಲ್ಲಿ ನಮಗಿಂತ ಮುಂಚೆ ಬಂದು ಕುಳಿತಿತ್ತು.

"ಮದುವಿಗಿ ಹೋಗಿ ನಾ ಮತ್ತ ಅಲ್ಲಿ ಇಳದು ಕಾರ್ಕೊಂಡ್ರ ಮುಗೀತಪಾ," ಎಂದಳು ಮಗಳು. "ಆಮ್ಯಾಲೆ ನಾ ಏನ ಹೇಳಿದ್ರೂ ಯಾರೂ ಕೇಳಂಗಿಲ್ಲ. ಟ್ರ್ಯಾಕ್ಟರದಾಗ ಕರಕೊಂಡ ಹೋಗು."

"ಮದಿಮಗಳನ್ನ ಕಬ್ಬ ಹೇರಿದಂಗ ಹೇರತೀರೇನ?" ಎಂದಳು ಹೆಂಡತಿ.

ಹೀಗಾಗಿ ತೆರೆದ ಕಾರು. ಮದುವೆ ಇದ್ದದ್ದು ಬೀಳಗಿಯಲ್ಲಿ, ಬೇಸಿಗೆಯ ಕೊನೆಗೆ, ಅಡ್ಡಮಳೆಯ ಕಾಲಕ್ಕೆ. ಆದ್ದರಿಂದ ಬರಿ ತೆರೆದರೆ ಸಾಲದು, ಮಳೆ ಬಂದರೆ ಮುಚ್ಚಲೂಬೇಕು, ನಿಂತ ಕೂಡಲೇ ತೆರೆಯಲೂಬೇಕು.

ಮುಧೋಳದಲ್ಲಿ ಕಬ್ಬು ಕಡಿಸುವ ಗುತ್ತಿಗೆದಾರನೊಬ್ಬನ ಬಳಿ ಅಂಥದೊಂದು ಇದೆ ಎಂದು ದಲ್ಲಾಳಿ ಸುದ್ದಿ ತಂದ. ಅವನ ಮಗ ಪುಣೆಯಿಂದ ತಂದು, ಓಡಿಸಿ ಬೇಸರವಾಗಿ ಬಿಟ್ಟಿದ್ದನಂತೆ. ಹೋಗಿ ನೋಡಿದರೆ ಕಾರು ಬೇವಿನ ಮರದ ಕೆಳಗಿತ್ತು, ಮುಚ್ಚಿದ ಟಾಪಿನಡಿ ಅದರ ಹಿಂದಿನ ಸೀಟಿನಲ್ಲಿ ಕಡ್ಡಿಯಂಥ ಕಾಲಿನ, ಚೂಪು ಮೂತಿಯ ಮುಧೋಳ ನಾಯಿಯೊಂದು ಸಾಹೇಬರಂತೆ ಮಲಗಿತ್ತು. ಇಳಿಯೆಂದರೆ ಇಳಿಯಲಿಲ್ಲ.

"ಹೊತ್ತ ಇಳದ್ರ ಟಾಪಿನ ಮ್ಯಾಲ ಏರಿ ಕುಂದರತೈತ್ರಿ. ಊರೆಲ್ಲಾ ಕಾಣತೈತಿ ನೋಡ್ರಿ ಅದಕ," ಎಂದ ಗುತ್ತಿಗೆದಾರ, ಹೆಮ್ಮೆಯಿಂದ. ಆ ಮಾತಿನಲ್ಲಿ ನನ್ನ ಮುಂದಿನ ಕಷ್ಟವೆಲ್ಲ ಇತ್ತು. ನಾನು ಅದನ್ನು ನಾಯಿಯ ಸುದ್ದಿ ಎಂದು ತಿಳಿದೆ.

ದನದ ಸಂತೆಯಲ್ಲಿ ಮಾಡುವ ಹಾಗೆ ದಲ್ಲಾಳಿ ನಮ್ಮಿಬ್ಬರ ಕೈಗಳ ಮೇಲೆ ಟಾವೆಲ್ ಹಾಕಿದ. ಟಾವೆಲಿನ ಕೆಳಗೆ ಬೆರಳು ಹಿಡಿದು ಚೌಕಾಶಿ ಮಾಡುವುದರಲ್ಲಿ ನನಗೆ ಸರಿಸಾಟಿ ಕಡಿಮೆ. ಮುಖ ನೋಡಬಾರದು, ಎದುರಿನವನ ಅಂಗೈ ನೋಡಬೇಕು. ಬೆವರಿತೆಂದರೆ ಅವನಿಗೆ ಮಾರುವ ಅವಸರ. ಗುತ್ತಿಗೆದಾರನ ಅಂಗೈ ತೊಯ್ದಿತ್ತು. ನಾನು ಒಂದೊಂದೇ ಬೆರಳು ಬಿಡಿಸುತ್ತ ಅವನನ್ನು ಕೆಳಗಿಳಿಸಿದೆ. ಆಮೇಲೆ ಅವನು ಬಟನ್ ಒತ್ತಿ, ಮುಚ್ಚಿದ್ದ ಟಾಪನ್ನು ತೆರೆದು ತೋರಿಸಿದ. ಹೂವಿನಂತೆ ತೆರೆದುಕೊಂಡಿತು.

ಹಳೆಯ ಗಾಡಿ ಕೊಳ್ಳುವವರು ಇದೊಂದು ಬರೆದಿಟ್ಟುಕೊಳ್ಳಿ: ತೆರೆಯುವ ವಸ್ತುವನ್ನು ಮುಚ್ಚಿಯೂ ತೋರಿಸಲು ಹೇಳಿ. ಅಂಗೈ ಯಾಕೆ ಬೆವರಿದೆ ಎಂಬುದನ್ನು ಕೇಳದೆ, ಬೆವರಿದ್ದಕ್ಕೆ ಖುಷಿಪಟ್ಟು ಎದ್ದು ಬರಬೇಡಿ.

ಟಾಪು ತೆರೆದೇ ಹೊರಟೆ. ಬರುವ ದಾರಿಯಲ್ಲಿ ನಮ್ಮ ಮನೆದೇವರು ಬೀರೇಶ್ವರನ ಗುಡಿ. ಹೊಸದಾಗಿ ಬಂದ ಗಾಡಿಗೆ ಪೂಜೆಯಾಗದೆ ಮುಂದೆ ಹೋಗುವುದು ಹೇಗೆ? ಬೇರೆಯವರ ಕಾರಿಗಾದರೆ ಮುಂದಿನ ಗಾಜಿಗೊಂದು ಚಿಟಿಕೆ, ಬಾನೆಟ್ಟಿಗೊಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಹಚ್ಚುತ್ತಾರೆ. ನಮ್ಮದು ತೆರೆದು ನಿಂತಿತ್ತಲ್ಲ, ಅಲ್ಲಿದ್ದವರೆಲ್ಲ ಹಿಡಿಹಿಡಿಯಾಗಿ ಒಳಗೇ ಎಸೆದರು. ಪೂಜಾರಿಯ ಚೀಲ ಖಾಲಿಯಾಯಿತು. ಬೂದಿ ಬಣ್ಣದ ಸೀಟುಗಳು ಹಳದಿಯಾದವು, ಮಡಚಿಟ್ಟ ಟಾಪಿನ ಸಂದಿಗಳಲ್ಲೆಲ್ಲ ಅರಿಶಿನ ತುಂಬಿತು. ದೇವರ ಕೃಪೆ ಇಷ್ಟು ಧಾರಾಳವಾಗಿ ಯಾವ ವಾಹನದ ಮೇಲೂ ಬಿದ್ದಿರಲಿಕ್ಕಿಲ್ಲ ಎಂದುಕೊಂಡು ಬನಹಟ್ಟಿಗೆ ಬಂದು, ಅಂಗಡಿಯ ಮುಂದೆ ನಿಲ್ಲಿಸಿ, ಬಟನ್ ಒತ್ತಿದೆ. ಹಾರ್ನ್ ಬಡಿದುಕೊಂಡಿದ್ದು ಆಗ.

ಆ ದಿನ ನೇಕಾರರು ಸೇರಿ ಟಾಪನ್ನು ಕೈಯಿಂದ ಎಳೆದು ಮುಚ್ಚಿದರು. ಮರುದಿನ ಜಮಖಂಡಿಗೆ ಒಯ್ದೆ. ಅಲ್ಲಿ ವಾಹನಗಳ ವೈರಿಂಗ್ ಮಾಡುವ ಮಿಸ್ತ್ರಿಯೊಬ್ಬ ನನಗೆ ಬಹಳ ವರ್ಷದ ಗುರುತು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಟೆಸ್ಟ್ ಲ್ಯಾಂಪು ಹಿಡಿದು ಹಿಂದಿನ ಸೀಟಿನ ಸಂದಿಯಲ್ಲಿ ತಲೆ ತೂರಿಸಿದವನು, ಹೊರಗೆ ಬಂದು ಕೈ ಝಾಡಿಸಿ ಹೇಳಿದ:

"ಸಾವಕಾರ್ರ, ನಿಮ್ಮ ಗಾಡಿಗಿ ಅರ್ಥನ ಇಲ್ಲ."

ನನಗೆ ಕೆನ್ನೆಗೆ ಹೊಡೆದಂತಾಯಿತು. "ಏನಂದಿ? ಮಗಳ ಮದುವಿಗಿ ತಂದೇನೋ ಇದನ್ನ. ಇದಕಿನ್ನ ಅರ್ಥ ಏನ ಬೇಕ?"

"ಸಿಟ್ಟ್ಯಾಕ ಬರತೇರಿ? ಆ ಅರ್ಥ ಅಲ್ಲರಿ, ಈ ಅರ್ಥ!" ಎಂದು ಅವನು ತುಕ್ಕು ಹಿಡಿದ ವೈರಿನ ತುದಿಯೊಂದನ್ನು ನನ್ನ ಮೂಗಿನ ಮುಂದೆ ಹಿಡಿದ. ಅಲ್ಲಿದ್ದ ರಿಕ್ಷಾದವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಬ್ಯಾಟರಿಯಿಂದ ಹೋದ ಕರೆಂಟು ಕೆಲಸ ಮುಗಿಸಿ ಮರಳಿ ಬರಲು ಗಾಡಿಯ ಮೈಗೆ ಒಂದು ವೈರು ಬೋಲ್ಟ್ ಮಾಡಿರುತ್ತಾರೆ. ಇಂಗ್ಲಿಷಿನ ಅರ್ತಿಂಗ್ ಅದು, ನಮ್ಮ ಕಡೆಯವರ ಬಾಯಲ್ಲಿ ಅರ್ಥ ಕೊಡುವುದು. ಮನೆಯ ಮೋಟರಿನ ಅರ್ಥ ನನಗೆ ಗೊತ್ತಿತ್ತು. ಕಾರಿನ ವಿಷಯದಲ್ಲಿ ಆ ಮಾತು ಕಿವಿಗೆ ಬಿದ್ದಾಗ ಬೇರೆಯೇ ಅರ್ಥ ಹೊಳೆಯಿತು. ಅರ್ಥ ಕೆಟ್ಟರೆ ಕರೆಂಟು ಸುಮ್ಮನೆ ಕೂರುವುದಿಲ್ಲವಂತೆ. ಮರಳುವ ದಾರಿ ಹುಡುಕಿ ಹಾರ್ನಿನಲ್ಲಿ ತೂರುತ್ತದೆ, ವೈಪರಿನಲ್ಲಿ ತೂರುತ್ತದೆ, ಸಿಕ್ಕಲ್ಲಿ ತೂರುತ್ತದೆ. ಟಾಪು ಎತ್ತುವ ಮೋಟರಿಗೆ ಮಾತ್ರ ಸಾಲುವುದಿಲ್ಲ.

"ಮೋಟರ ಭೀ ಹೋಗೇತ್ರಿ. ಕೊಲ್ಹಾಪುರದಿಂದ ಹೊಸಾದು ತರಸೂಣ," ಎಂದ ಮಿಸ್ತ್ರಿ.

"ಮೋಟರಿನ ಧ್ವನಿ ಕೇಳೀ? ಹೋದ ಮೋಟರ ಹಂಗ ಗುಂಯ್ ಅನ್ನಂಗಿಲ್ಲ. ಮೊದಲ ಅರ್ಥ ಕೊಡು, ಆಮ್ಯಾಲೆ ಕೊಲ್ಹಾಪುರದ ಮಾತ."

ಅವನು ಗೊಣಗುತ್ತ ಬೋಲ್ಟಿನ ಮೇಲಿನ ತುಕ್ಕನ್ನು ಕೆರೆದು ವೈರು ಬಿಗಿದ. ಬಟನ್ ಒತ್ತಿದರೆ ಹಾರ್ನೂ ಇಲ್ಲ, ವೈಪರೂ ಇಲ್ಲ. ಟಾಪು ತೆರೆದು ಹಿಂದೆ ಹೋಯಿತು, ಮತ್ತೆ ಒತ್ತಿದರೆ ಮೆಲ್ಲಗೆ ಎದ್ದು ಮುಂದಿನ ಗಾಜಿನ ತನಕ ಬಂದು ಕುಳಿತುಕೊಂಡಿತು. ಮಿಸ್ತ್ರಿಯ ಮುಖ ಸಣ್ಣಗಾಯಿತು, ಕೊಲ್ಹಾಪುರ ದೂರವಾಯಿತು. ಸಂಜೆ ಸೀಟಿನ ಮೇಲಿನ ಭಂಡಾರ ಕೊಡವಿ, ಮಗಳನ್ನು ಕೂರಿಸಿಕೊಂಡು, ಟಾಪು ತೆರೆದು, ರಬಕವಿಯ ತನಕ ಹೋಗಿ ಬಂದೆ. ಗಾಳಿಗೆ ಕೂದಲು ಹಾರಾಡಿಸುತ್ತ ಅವಳು ಶೇಂಗಾ ತಿಂದಳು. ಗೆದ್ದೆ ಎಂದುಕೊಂಡೆ.

ಆ ವಾರವೇ ಒಂದು ಅಡ್ಡಮಳೆ ಹೊಡೆಯಿತು. ಮರುದಿನ ಬಟನ್ ಒತ್ತಿದರೆ ಮತ್ತೆ ಹಾರ್ನ್. ಈ ಸಲ ಟಾಪು ಒಂದು ಗೇಣೂ ಏಳಲಿಲ್ಲ, ಮುಚ್ಚಿಕೊಂಡೇ ಇತ್ತು. ಮಿಸ್ತ್ರಿ ಫೋನಿನಲ್ಲಿ, "ನಾ ಆವತ್ತ ಹೇಳಿದ್ನಿಲ್ರಿ?" ಎಂದು ಕೊಲ್ಹಾಪುರದ ಹೆಸರೆತ್ತಿದ. ಅದೇ ಹೊತ್ತಿಗೆ ಬೀಳಗಿಯಿಂದ ಹುಡುಗನ ಸೋದರತ್ತೆಯ ಫೋನು ನನ್ನ ಹೆಂಡತಿಗೆ. ಜವಳಿ ವಿಷಯ ಮಾತಾಡಿ ಮುಗಿಸಿ, ಕೊನೆಗೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಕೇಳಿದಳಂತೆ: "ಹುಡುಗಿ ಈಗ ಹೆಂಗದಾಳ್ರೀ? ಹೊಟ್ಟಿ ಆರಾಮೈತಿ?"

ಹೆಂಡತಿ ಫೋನಿಟ್ಟು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ಗಾಡಿ ರಿಪೇರಿ ಮಾಡಸ್ತೇರೋ, ಇಲ್ಲಾ ನಾ ಬೀಳಗಿಗೆ ಹೋಗಿ ಆಕಿ ಬಾಯಿ ರಿಪೇರಿ ಮಾಡಿ ಬರಲ್ಯೋ?"

ಆ ಸಿಟ್ಟಿನಲ್ಲೇ ಅವಳು ಕಾರು ತೊಳೆಯಲು ನಿಂತಳು. ಸಿಟ್ಟು ಬಂದರೆ ಏನನ್ನಾದರೂ ತೊಳೆಯುವುದು ಅವಳ ಪದ್ಧತಿ. ಬಕೆಟ್ಟಿನಲ್ಲಿ ಬಟ್ಟೆ ಸೋಪು, ಅದಕ್ಕೊಂದು ಹಿಡಿ ಸೋಡಾ ಕಲಸಿ, ಮುಚ್ಚಿದ ಟಾಪಿನ ಮೇಲೆ ಸುರಿದು, ಕೊಬ್ಬರಿ ನಾರಿನಿಂದ ಗಸಗಸ ತಿಕ್ಕಿದಳು. ಮೇಲೆ ಮತ್ತೆ ನೀರು. ನಾನು ಅಂಗಡಿಯಲ್ಲಿದ್ದೆ. ಅವಳು ಕಿರುಚಿದ್ದು ಕೇಳಿ ಓಡಿ ಬಂದೆ.

ಕಾರಿನ ಬಾಗಿಲು ತೆರೆದಿತ್ತು. ಒಳಗೆ ಹಿಂದಿನ ಸೀಟಿನ ಮೇಲೆ, ಬೂದಿ ಬಣ್ಣದ ಬಟ್ಟೆಯ ತುಂಬ, ರಕ್ತ. ಒಂದು ಹನಿಯಲ್ಲ, ಎರಡು ಹನಿಯಲ್ಲ. ಹಿಂದಿನ ಗಾಜಿನ ಮೂಲೆಯಿಂದ ಗೆರೆಗೆರೆಯಾಗಿ ಇಳಿದು, ಬದಿಯ ಹಲಗೆಯ ಮೇಲೆ ಹರಡಿ, ಸೀಟಿನ ಬೆನ್ನಿನಿಂದ ಕೆಳಗೆ ತೊಟ್ಟಿಕ್ಕುತ್ತಿತ್ತು.

"ಅಯ್ಯ ಶಿವನ, ರಗತ! ಮದುವಿ ಗಾಡ್ಯಾಗ ರಗತ!" ಹೆಂಡತಿ ಅಲ್ಲೇ ಕುಸಿದು ಕುಳಿತಳು. ಬೆಕ್ಕೇನಾದರೂ ಒಳಗೆ ಸಿಕ್ಕಿಕೊಂಡಿತ್ತೇ? ಆ ಮುಧೋಳದವನು ಏನನ್ನು ಮುಚ್ಚಿಟ್ಟು ಮಾರಿದ? ಅಂಗೈ ಬೆವರಿದ್ದು ಇದಕ್ಕೇ ಏನು? ಓಣಿಯವರು ಕೂಡಿದರು. ಯಾರೋ ಒಬ್ಬರು, ಗಾಡಿ ಮುಟ್ಟಬೇಡಿ, ಮೊದಲು ಪೊಲೀಸರಿಗೆ ತಿಳಿಸಿ ಎಂದರು. ಇನ್ನೊಬ್ಬರು, ಮೊದಲು ಪೂಜಾರಿಗೆ ತಿಳಿಸಿ ಎಂದರು.

ಮಗಳು ಜನರನ್ನು ಸರಿಸಿ ಒಳಗೆ ಬಗ್ಗಿದಳು. ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿ ಕುಳಿತಿದ್ದ ತಾಯಿಯ ಮುಂದೆ ಆ ಬೆರಳು ಹಿಡಿದಳು.

"ಯವ್ವಾ, ಅಪ್ಪನ ಅಂಗೀ ಮ್ಯಾಲ ಅರಿಷಿಣ ಬಿದ್ದಾಗ ಸಾಬಾಣ ಹಚ್ಚಿದ್ರ ಏನ ಆಗತೈತಿ?"

ಹೆಂಡತಿ ಸೆರಗು ಸರಿಸಿದಳು. "ಕೆಂಪ ಆಗತೈತಿ."

"ಮತ್ತ?"

ಭಂಡಾರ! ಗುಡಿಯಲ್ಲಿ ಎಸೆದ ಭಂಡಾರವೇ ಸಂದಿಗೊಂದಿಗಳಲ್ಲಿ ಕುಳಿತಿತ್ತು. ಸೋಪು ಸೋಡಾದ ನೀರು ತಾಗಿದಲ್ಲೆಲ್ಲ ಅರಿಶಿನ ಕೆಂಪಾಗಿತ್ತು. ಓಣಿಯವರು ಹೋ ಎಂದು ನಕ್ಕರು; ಪೊಲೀಸರ ಹೆಸರೆತ್ತಿದವನು ಎಲ್ಲರಿಗಿಂತ ಜೋರಾಗಿ ನಕ್ಕ. ಮಗಳೂ ನಕ್ಕಳು. ನಾನು ನಗಲಿಲ್ಲ. ಆ ಕೆಂಪು ಗೆರೆಯನ್ನು ನೋಡುತ್ತ ನಿಂತಿದ್ದೆ. ಸೋಪಿನ ನೀರು ಸುರಿದದ್ದು ಟಾಪಿನ ಹೊರಗೆ. ಒಳಗಿನ ಅರಿಶಿನ ಕೆಂಪಾಯಿತೆಂದರೆ ಆ ನೀರು ಒಳಗೆ ಬಂದಿದೆ. ಯಾವ ದಾರಿಯಿಂದ ಬಂದಿತು, ಎಲ್ಲಿಗೆ ಹೋಯಿತು ಎಂಬುದನ್ನು ತಾನೇ ಗೆರೆ ಎಳೆದು ತೋರಿಸಿದೆ!

"ಒರಸಬ್ಯಾಡ್ರಿ, ಯಾರೂ ಒರಸಬ್ಯಾಡ್ರಿ!" ಎಂದು ಕೂಗಿದೆ. ಎಲ್ಲರೂ ನನಗೆ ಏನೋ ಆಯಿತು ಎಂದುಕೊಂಡರು.

ಗೆರೆ ಶುರುವಾಗಿದ್ದು ಹಿಂದಿನ ಗಾಜಿನ ಬಲಮೂಲೆಯ ಮೇಲೆ, ಟಾಪಿನ ಹೊಲಿಗೆಯಲ್ಲಿ. ಅಲ್ಲಿ ದಾರ ಕಡಿದು ಹೊಲಿಗೆ ಬಾಯಿ ಬಿಟ್ಟಿತ್ತು, ಪಕ್ಕದಲ್ಲಿ ನಾಯಿಯ ಉಗುರಿನ ಗೀರುಗಳು. ಊರೆಲ್ಲ ನೋಡಲು ಏರಿ ಕುಳಿತಿದ್ದ ಸಾಹೇಬರ ಕೆಲಸ. ಅಲ್ಲಿಂದ ಗೆರೆ ಟಾಪು ಮಡಚಿ ಕೂರುವ ಗುಂಡಿಯ ಅಂಚಿಗೆ ಇಳಿದಿತ್ತು. ಆ ಗುಂಡಿಯಲ್ಲಿ ನೀರು ಹೊರಗೆ ಹೋಗಲು ಒಂದು ತೂತು, ತೂತಿಗೊಂದು ರಬ್ಬರ್ ಪೈಪು ಇರಬೇಕು. ಇತ್ತು, ಆದರೆ ಕಟ್ಟಿಕೊಂಡಿತ್ತು. ನಾಯಿಯ ಕೂದಲು, ಮುಧೋಳದ ಗದ್ದೆಗಳಿಂದ ಹಾರಿ ಬಂದ ರವದಿ, ಅಂದರೆ ಒಣಗಿದ ಕಬ್ಬಿನ ಗರಿಯ ಚೂರು, ಅದರ ಮೇಲೆ ನಮ್ಮ ಭಂಡಾರ. ಎಲ್ಲ ಸೇರಿ ಗಾರೆಯಂತೆ ಗಟ್ಟಿಯಾಗಿತ್ತು. ಹೋಗಲು ದಾರಿ ಇಲ್ಲದ ನೀರು ಗುಂಡಿ ತುಂಬಿ, ಅಂಚು ದಾಟಿ, ಬದಿಯ ಹಲಗೆಯ ಹಿಂದೆ ಇಳಿದಿತ್ತು. ಹಲಗೆ ಬಿಚ್ಚಿದೆ. ಕೆಂಪು ಗೆರೆ ನೇರವಾಗಿ ಹೋಗಿ, ಮಿಸ್ತ್ರಿ ಕೆರೆದು ಬಿಗಿದಿದ್ದ ಅದೇ ಬೋಲ್ಟಿನ ಮೇಲೆ ನಿಂತಿತ್ತು.

"ಅಪ್ಪಾ, ಗಾಡಿಗಿ ಅರ್ಥ ಸಿಕ್ತೇನ?" ಎಂದಳು ಮಗಳು. ಜಮಖಂಡಿಯ ಕಥೆ ಅವಳ ಕಿವಿಗೂ ಬಿದ್ದಿತ್ತು.

ಮುಂದಿನ ಕೆಲಸ ನಾವಿಬ್ಬರೇ ಮಾಡಿದೆವು. ಇಂಥ ಗಾಡಿ ಇಟ್ಟುಕೊಂಡವರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಮೊದಲು ಬ್ಯಾಟರಿಯ ವೈರು ಬಿಚ್ಚಿ. ಆಮೇಲೆಯೇ ಒಳಗೆ ಕೈ ಹಾಕಿ. ಕಟ್ಟಿದ ಪೈಪಿಗೆ ಚೂಪು ತಂತಿ ಹಾಕಬೇಡಿ, ಪೈಪು ತೂತಾದರೆ ನೀರು ಬೇರೆ ಕಡೆ ಸೋರುತ್ತದೆ. ಸೈಕಲ್ ಬ್ರೇಕಿನ ಹಳೆಯ ವೈರು ತುದಿ ಮಡಚಿ ಹಾಕಿ, ಅದು ಬಳುಕುತ್ತ ಹೋಗುತ್ತದೆ. ನಮ್ಮ ಪೈಪಿನಿಂದ ಹೊರಬಿದ್ದದ್ದನ್ನು ನೋಡಿ ಹೆಂಡತಿ ಮೂಗು ಮುಚ್ಚಿಕೊಂಡಳು. ಅರ್ಥದ ವೈರನ್ನು ಹಳೆಯ ಬೋಲ್ಟಿಗೆ ಮತ್ತೆ ಕೊಡಲಿಲ್ಲ. ನೀರು ಮುಟ್ಟದಷ್ಟು ಮೇಲೆ ಬೇರೊಂದು ಬೋಲ್ಟ್ ಹುಡುಕಿ, ಬಣ್ಣ ಹೋಗಿ ಕಬ್ಬಿಣ ಹೊಳೆಯುವ ತನಕ ಉಸುಕಿನ ಕಾಗದದಿಂದ ತಿಕ್ಕಿ, ಹೊಸ ವೈರು ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಟಾಪಿನ ಹೊಲಿಗೆಗೆ ರಬಕವಿಯಲ್ಲಿ ಲಾರಿಗಳ ತಾಡಪತ್ರಿ ಹೊಲಿಯುವವನ ಬಳಿ ಹೋದೆ. ಅವನು ಮಷಿನ್ನಿಗೆ ಹಾಕಲು ಹೊರಟಿದ್ದ, ನಾನು ಬಿಡಲಿಲ್ಲ.

"ಕೈಲೆ ಹೊಲಿ. ಹಳೇ ತೂತಿನ್ಯಾಗ ಸೂಜಿ ಹೋಗಬೇಕ. ನೀ ಹೊಸಾ ತೂತ ಮಾಡಿದ್ರ ಒಂದೊಂದ ತೂತಿಗೂ ಒಂದೊಂದ ಹನಿ."

"ಹಂಗಾರ ನೀವ ಹೊಲೀರೆಲಾ," ಎಂದ ಅವನು.

"ನಿನ್ನಂಗ ನನಗ ಕೈ ಬಂದಿದ್ರ ನಿನ್ನ ಹತ್ರ ಯಾಕ ಬರ್ತಿದ್ನೋ ಮಾರಾಯಾ?" ಎಂದೆ. ಹೊಗಳಿಕೆಯೂ ಚೌಕಾಶಿಯೇ. ಅವನು ನಗುತ್ತ ಮೇಣದ ದಾರ ಪೋಣಿಸಿ, ಕೈಯಿಂದಲೇ ಹೊಲಿದು, ಒಳಗಿನಿಂದ ರಬ್ಬರ್ ಸೊಲ್ಯೂಷನ್ ಬಳಿದು ಕೊಟ್ಟ.

ಇನ್ನು ಪರೀಕ್ಷೆ. ಮತ್ತೊಂದು ಅಡ್ಡಮಳೆಗೆ ಮೋಡ ಕವಿದ ದಿನ ನಾನು ಮಗಳನ್ನು ಕರೆದೆ. ಮಳೆ ಬೀಳುವಾಗ ನಾನು ಹಿಂದಿನ ಸೀಟಿನಲ್ಲಿ ಕುಳಿತು ಹೊಲಿಗೆಯ ಮೇಲೆ ಕೈ ಇಟ್ಟು ನೋಡಬೇಕು, ಗಾಡಿಯನ್ನು ಬೇರೆಯವರು ಓಡಿಸಬೇಕು. ಟ್ರ್ಯಾಕ್ಟರ್ ಓಡಿಸಿ ತೋರಿಸಿ ಅವಳು ತೆಗೆಸಿದ್ದ, ಕಾರಿಗೂ ನಡೆಯುವ ಲೈಸೆನ್ಸ್ ಕಪಾಟಿನಲ್ಲಿತ್ತು. ಟಾಪು ತೆರೆದು ಹೊರಟೆವು, ಹಿಪ್ಪರಗಿಯ ದಾರಿ. ನಡುವೆ ಮಳೆ ಜಡಿಯಿತು. ನಿಲ್ಲಿಸಿ ಬಟನ್ ಒತ್ತಿದಳು. ಟಾಪು ಮುಚ್ಚಿತು, ಹಾರ್ನ್ ಸುಮ್ಮನಿತ್ತು. ಗಾಜು ಏರಿಸಿದಳು. ನಾನು ಹಿಂದೆ ಕತ್ತು ಮೇಲೆತ್ತಿ ಹೊಲಿಗೆ ಸವರುತ್ತ ಕುಳಿತೆ. ಒಂದು ಹನಿ ಇಲ್ಲ! ಸೊಲ್ಯೂಷನ್ನಿನ ವಾಸನೆಗೆ ನನ್ನ ತಲೆ ಸ್ವಲ್ಪ ತಿರುಗಿದಂತಾಯಿತು, ಅಷ್ಟೇ.

ಹಿಪ್ಪರಗಿಯ ಬ್ಯಾರೇಜಿನ ಹತ್ತಿರ ಅವಳ ಸೋದರಮಾವನ ಮನೆಯ ಮುಂದೆ ನಿಲ್ಲಿಸಿ, ಇಳಿದು, ಒಳಗೆ ಹೋಗಿ, ಅವಳು ರೊಟ್ಟಿ ಮುರಿದು ಬಾಯಿಗಿಟ್ಟ ಮೇಲೆ ನನಗೆ ಹೊಳೆಯಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಲೇ ಯವ್ವಾ, ಟಾಪು ಮುಚ್ಚಿತ್ತು. ಗಾಜ ಭೀ ಮುಚ್ಚಿತ್ತು!"

ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೋಡಿದಳು, ಯಾರದೋ ಹೊಟ್ಟೆ ಎಂಬಂತೆ. "ಖರೇನಪಾ! ನನಗೇನೂ ಆಗಲಿಲ್ಲ!"

ಸ್ಟೇರಿಂಗ್ ತನ್ನ ಕೈಯಲ್ಲಿದ್ದರೆ ಅವಳಿಗೆ ಏನೂ ಆಗುವುದಿಲ್ಲ. ಟ್ರ್ಯಾಕ್ಟರಿನ ಮೇಲೆ, ಸ್ಕೂಟಿಯ ಮೇಲೆ ಏನೂ ಆಗದಿದ್ದದ್ದು ಬರಿ ಗಾಳಿಯಿಂದಲ್ಲ. ಇಷ್ಟು ವರ್ಷ ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಲಿಂಬೆಹಣ್ಣು ಮೂಸಿಸಿ, ಪ್ಲಾಸ್ಟಿಕ್ ಚೀಲ ಹಿಡಿದು ಕಾಯ್ದ ನಾವ್ಯಾರೂ ಅವಳ ಕೈಗೆ ಸ್ಟೇರಿಂಗ್ ಕೊಟ್ಟು ನೋಡಿರಲಿಲ್ಲ.

"ಮದಿಮಗಳು ತಾನ ಗಾಡಿ ಹೊಡಕೊಂಡ ಗಂಡನ ಊರಿಗೆ ಹೋಗೂದ?" ಹೆಂಡತಿ ಒಪ್ಪಲಿಲ್ಲ. ಅವಳೊಡನೆ ಟಾವೆಲ್ ಇಲ್ಲದೆ ಚೌಕಾಶಿ ಮಾಡಬೇಕಾಯಿತು. ಕೊನೆಗೆ ಒಪ್ಪಂದವಾಯಿತು: ಬೀಳಗಿಯ ಹೊರಗಿನ ತನಕ ಮಗಳು ಓಡಿಸುವುದು, ಅಲ್ಲಿ ನಿಲ್ಲಿಸಿ ನಾನು ಸ್ಟೇರಿಂಗ್ ಹಿಡಿಯುವುದು. ಟಾಪು ತೆರೆದು, ಕೊನೆಯ ತುಸು ದಾರಿ ಮಾತ್ರ ಅವಳು ಪಕ್ಕದಲ್ಲಿ ಕೂರುವುದು. ಬೀಗರಿಗೆ ಕಾಣುವುದು ಪದ್ಧತಿಯಂತೆ ಬಂದ ಮದಿಮಗಳು.

ಮದುವೆಯ ಮುನ್ನಾದಿನ ನಿಬ್ಬಣದವರು ಬಸ್ಸಿನಲ್ಲಿ ಮುಂದೆ, ನಾವು ಹಿಂದೆ. ಹಸಿರು ಇಲಕಲ್ ಸೀರೆ ಉಟ್ಟು, ಬಾಸಿಂಗದ ಡಬ್ಬಿಯನ್ನು ತಾಯಿಯ ಮಡಿಲಿಗೆ ಕೊಟ್ಟು, ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಮಗಳು ಓಡಿಸಿದಳು. ನಾನು ಪಕ್ಕದ ಸೀಟಿನಲ್ಲಿ. ಜಮಖಂಡಿ ದಾಟುವಷ್ಟರಲ್ಲಿ ಮಳೆ ಬಂತು. ಟಾಪು ಮುಚ್ಚಿದೆವು. ಮಳೆ ನಿಲ್ಲಲಿಲ್ಲ.

ಕಾರು ಕೊಂಡವನು, ಸೋರಿಕೆ ಹುಡುಕಿದವನು, ಅರ್ಥ ಕೊಟ್ಟವನು ಎಲ್ಲ ನಾನೇ. ಒಂದು ವಿಷಯ ಮಾತ್ರ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಬುದ್ಧಿ ಬಂದಾಗಿನಿಂದ ಯಾವ ಗಾಡಿಯಲ್ಲೇ ಆಗಲಿ, ಸ್ಟೇರಿಂಗ್ ನನ್ನ ಕೈಯಲ್ಲೇ ಇರುತ್ತಿತ್ತು. ಇಲ್ಲವಾದರೆ ಡ್ರೈವರಿನ ಪಕ್ಕ ಕುಳಿತು ಅವನಿಗೆ ದಾರಿ ಹೇಳುತ್ತ, ಬೈಯುತ್ತ ಹೋದವನು. ಆ ದಿನ ಮದಿಮಗಳಿಗೆ ಬೈಯುವಂತಿಲ್ಲ. ಬಾಯಿ ಮುಚ್ಚಿ, ಹಿಂದೆ ತಿರುಗಿ ಹೊಸ ಹೊಲಿಗೆಯನ್ನೇ ನೋಡುತ್ತ, ಆ ಸೊಲ್ಯೂಷನ್ ವಾಸನೆಯಲ್ಲಿ ಕುಳಿತೆ. ಒಂದು ತಿರುವು. ಮತ್ತೊಂದು ತಿರುವು. ಹಣೆಯಲ್ಲಿ ಬೆವರು, ಬಾಯಲ್ಲಿ ಹುಳಿ ನೀರು. ನನಗೆ? ನನಗೇ? ನಂಬಲಾಗಲಿಲ್ಲ.

ಬೀಳಗಿಯ ಹೊರಗೆ ಅವಳು ನಿಲ್ಲಿಸಿ, "ಬಾ ಅಪ್ಪಾ, ಈಗ ನೀ ಹಿಡಿ," ಎಂದಳು. ನಾನು ಕೈಯಾಡಿಸಿದೆ. ಬಾಯಿ ತೆರೆದಿದ್ದರೆ ಮಾತಿಗಿಂತ ಮೊದಲು ಬೇರೆಯದೇ ಬರುತ್ತಿತ್ತು.

"ರೀ, ಏನಾತ್ರಿ? ಮಾರಿ ಯಾಕ ಹಿಂಗಾಗೇತಿ?" ಹೆಂಡತಿ ಹಿಂದಿನಿಂದ ಗಾಬರಿಯಾದಳು.

ಮಗಳು ನನ್ನ ಮುಖವನ್ನು ಒಮ್ಮೆ ನೋಡಿದಳು. ಆ ಬಣ್ಣ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ತಡಕೋ ಅಪ್ಪಾ, ಬಂದ್ವಿ," ಎಂದವಳೇ ಗೇರ್ ಹಾಕಿ, ಒಪ್ಪಂದ ಗಿಪ್ಪಂದ ಮರೆತು, ನೇರವಾಗಿ ಬೀಗರ ಮನೆಯ ಹಂದರದ ಮುಂದೆ ತಂದು ನಿಲ್ಲಿಸಿದಳು.

ಸ್ವಾಗತಕ್ಕೆ ಹಲಗೆ ವಾದ್ಯ ಬಾರಿಸುತ್ತಿದ್ದವರ ಕೈ ನಿಂತಿತು. ಆರತಿ ಹಿಡಿದ ಹೆಂಗಸರು ಪಕ್ಕದ ಸೀಟಿನ ಬಾಗಿಲಿಗೆ ಬಂದು ನಿಂತಿದ್ದರು; ಮದಿಮಗಳು ಆ ಕಡೆಯಿಂದ, ಸ್ಟೇರಿಂಗ್ ಹಿಂದಿನಿಂದ ಇಳಿದಳು. ಈ ಕಡೆಯಿಂದ ಇಳಿದವನು ನಾನು. ಇಳಿದವನೇ, ಬೀಗರ ಕೈಗೆ ಕೈ ಕೊಡದೆ, ಬೆಲ್ಲ ನೀರಿನ ತಂಬಿಗೆ ದಾಟಿ ಓಡಿ, ಅದೇ ಗೋಡೆ ಹಿಡಿದು ಕಾರಿಕೊಂಡೆ.

ಕಟ್ಟೆಯ ಮೇಲಿನಿಂದ ಹುಡುಗನ ಸೋದರತ್ತೆ ಎದ್ದಳು. ಈ ಸಲ ತಾನೇ ತಂಬಿಗೆಯಲ್ಲಿ ನೀರು ತೆಗೆದುಕೊಂಡು ನನ್ನ ಬಳಿ ಬಂದಳು. ನನ್ನನ್ನು ನೋಡಿದಳು; ತಿರುಗಿ, ಆರತಿಯ ಮುಂದೆ ಸೆಟೆದು ನಿಂತು ಬೆಲ್ಲ ನೀರನ್ನು ಗಟಗಟ ಕುಡಿಯುತ್ತಿದ್ದ ನನ್ನ ಮಗಳನ್ನು ನೋಡಿದಳು. ಅವಳ ಬಾಯಿಯಲ್ಲಿನ ಎಲೆ ಅಡಕೆ ದವಡೆ ಬದಲಿಸಿತು. ಅವಳ ಮುಖದಲ್ಲಿ ಮೊದಲು ಬೆರಗು, ಆಮೇಲೆ ಬೇರೇನೋ.

"ಬೀಗರ," ಎಂದಳು ಹಂದರಕ್ಕೆಲ್ಲ ಕೇಳುವ ಹಾಗೆ, "ನಿಮಗ ಎಷ್ಟ ತಿಂಗಳಾತ್ರಿ?"

ಹಂದರ ಹಾರಿಹೋಗುವಂತೆ ಜನ ನಕ್ಕರು. ನನ್ನ ಹೆಂಡತಿ ಕಾರಿನೊಳಗೆ ಬಾಸಿಂಗದ ಡಬ್ಬಿ ಅಪ್ಪಿಕೊಂಡು ನಕ್ಕಳು. ಬಾಯಿ ಮುಕ್ಕಳಿಸುತ್ತಿದ್ದ ನಾನೂ ನಕ್ಕೆ, ನೀರು ಮೂಗಿಗೇರಿತು. ಮೊದಲ ಸಲ ಆ ಮಾತು ಕೇಳಿದ್ದ ಅಂಗಳವೇ ಅದು.

ಮಳೆ ನಿಂತಿತ್ತು. ಟಾಪು ತೆರೆದಿಡು, ಒಳಗೆ ಗಾಳಿ ಆಡಲಿ ಎಂದು ಮಗಳಿಗೆ ಸನ್ನೆ ಮಾಡಿದೆ. ಅವಳು ಇಲಕಲ್ ಸೀರೆಯಲ್ಲೇ ಬಗ್ಗಿ ಬಟನ್ ಒತ್ತಿದಳು. ನಾನು ಗೋಡೆ ಹಿಡಿದು ಕಿವಿ ಕೊಟ್ಟೆ. ಹಾರ್ನ್ ಬಡಿಯಲಿಲ್ಲ. ಟಾಪು ಎದ್ದು, ಮಡಚಿಕೊಂಡು, ಹಿಂದೆ ಹೋಗಿ ಕುಳಿತಿತು.

ಸೋದರತ್ತೆ ಬಾಯಿ ತೆರೆದು ನೋಡಿದಳು. ಆಮೇಲೆ ಮಗಳ ಹತ್ತಿರ ಹೋಗಿ, ಈ ಸಲ ನಿಜವಾಗಿಯೂ ಮೆಲ್ಲಗೆ, ಕೇಳಿದಳು: "ಯವ್ವಾ, ಬಸ್ಸಿನ್ಯಾಗ ಕುಂತ್ರ ನಂಗೂ ಹಿಂಗ ಆಗತೈತಿ. ಮೊಮ್ಮಗನ ಮನಿಗಿ ಹೋಗದ ಎಷ್ಟ ದಿವಸಾತು. ಇದರಾಗ ಕುಂತ್ರ ಆಗಂಗಿಲ್ಲೇನ?"

"ಕುಂತ್ರ ಆಗತೈತ್ರಿ ಅತ್ತಿ," ಎಂದಳು ನನ್ನ ಮಗಳು. "ಓಡಿಸಿದ್ರ ಆಗಂಗಿಲ್ಲ. ಮದುವಿ ಮುಗೀಲಿ, ಕಲಿಸ್ತೇನಿ."